ಅಲುಗಿದ ಚಿತ್ರದಲ್ಲಿ ಕಾಡು

(ಮಲೆನಾಡಿನ ವಿದ್ಯಾರ್ಥಿಗಳಿಗಾಗಿ ನಡೆದ ಛಾಯಾಗ್ರಹಣ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮಂಥ ಬಳಗಗಳು ಛಾಯಾಚಿತ್ರಕ್ಕೆ ಇದುವರೆಗೆ ಒಪ್ಪಿಸಿರುವ ಕೆಲಸ ಒಂದೇ. ಅದು ಸಾಕ್ಷಿ ಹೇಳುವ ಕೆಲಸ. ಕಡಿದು ಉರುಳಿಸಿದ ಮರ, ಕುಸಿದ ಧರೆ, ಕೆಂಪು ಮಣ್ಣಿನಿಂದ ಕದಡಿದ ಹೊಳೆ, ಒತ್ತುವರಿಯಾದ ಕೆರೆಯಂಗಳ, ಇವುಗಳ ಚಿತ್ರ ತೆಗೆದು, ದಿನಾಂಕ ಬರೆದು ಮನವಿಪತ್ರದ ಬೆನ್ನಿಗೆ ಲಗತ್ತಿಸುತ್ತೇವೆ. ಸಾರ್ವಜನಿಕ ಅಹವಾಲು ಸಭೆಯಲ್ಲಿ ಅಧಿಕಾರಿಗಳ ಮೇಜಿನ ಮೇಲೆ ಇಡುತ್ತೇವೆ. ಅಂಥ ಚಿತ್ರಕ್ಕೆ ಇರಬೇಕಾದ ಮೊದಲ ಗುಣ ಸ್ಪಷ್ಟತೆ. ಹೀಗಿರುವಾಗ ಕ್ಯಾಮರಾವನ್ನು ಬೇಕೆಂದೇ ಅಲುಗಿಸಿ, ಮರ ಮರವಾಗಿ ಕಾಣದಂತೆ, ಹೊಳೆ ಹೊಳೆಯಾಗಿ ಕಾಣದಂತೆ ಚಿತ್ರ ತೆಗೆಯುವ ಕಲೆಯ ಬಗ್ಗೆ ಇಲ್ಲಿ ಮಾತಾಡುವುದು ಕೆಲವರಿಗೆ ವಿಲಾಸವೆಂದು ತೋರಬಹುದು. ಹೊಟ್ಟೆ ತುಂಬಿದವರ ಹವ್ಯಾಸ ಎಂದೂ ಅನ್ನಿಸಬಹುದು. ಆ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಎದುರಿಗಿಟ್ಟುಕೊಂಡೇ ಮಾತು ಮುಂದುವರಿಸುತ್ತೇನೆ. ಏಕೆಂದರೆ ಸಾಕ್ಷಿಚಿತ್ರ ತೆಗೆಯುವವರಿಗೂ, ಷಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಏನು ಉಳಿಯುತ್ತದೆ, ಏನು ಅಳಿಸಿಹೋಗುತ್ತದೆ ಎಂಬುದು ಗೊತ್ತಿರಬೇಕು. ಅದನ್ನು ತಿಳಿಯಲು ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ನೋಡುವುದೇ ಸುಲಭವಾದ ದಾರಿ.

ಮೊದಲು ಯಂತ್ರದ ಮಾತು. ಕ್ಯಾಮರಾದೊಳಗೆ ಬೆಳಕು ಬೀಳುವ ಫಲಕವಿದೆ. ಹಿಂದೆ ಅದು ಫಿಲ್ಮ್ ಆಗಿತ್ತು, ಈಗ ಸೆನ್ಸರ್. ಅದರ ಮುಂದಿರುವ ಬಾಗಿಲು ಷಟರ್. ಮಿಂಚುಳ್ಳಿ ನೀರಿಗೆ ಧುಮುಕುವ ಚಿತ್ರ ತೆಗೆಯುವವರು ಆ ಬಾಗಿಲನ್ನು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ತೆರೆಯುತ್ತಾರೆ. ಹಕ್ಕಿ ಗಾಳಿಯಲ್ಲಿ ಕಲ್ಲಾಗಿ ನಿಲ್ಲುತ್ತದೆ. ಹಾಗೆ ನಿಂತ ಹಕ್ಕಿಯನ್ನು ಬರಿಗಣ್ಣಿನಿಂದ ಯಾರೂ ಕಂಡಿಲ್ಲ. ಆದರೂ ಅದನ್ನು ನಾವು ಸತ್ಯವೆಂದು ಒಪ್ಪುತ್ತೇವೆ. ಕನ್ನಡ ನಾಡಿನಲ್ಲಿ ಪ್ರಕೃತಿ ಛಾಯಾಗ್ರಹಣವೆಂದರೆ ಹಕ್ಕಿಯ ಒಂದೊಂದು ಗರಿಯನ್ನೂ ಎಣಿಸುವಂತಿರಬೇಕು ಎಂಬ ಅಭಿರುಚಿಯನ್ನು ಬೆಳೆಸಿದವರು ದೊಡ್ಡವರು. ಟಿ.ಎನ್.ಎ. ಪೆರುಮಾಳ್ ಅವರಿಂದ ಮೂಡಿಗೆರೆಯ ತೇಜಸ್ವಿಯವರವರೆಗೆ ಅನೇಕರು ಆ ದಾರಿಯಲ್ಲಿ ನಡೆದಿದ್ದಾರೆ. ಆ ಪರಂಪರೆಯ ಬಗ್ಗೆ ನನಗೆ ಗೌರವವಿದೆ. ಆದರೆ ಎರಡು ಸಾವಿರದಲ್ಲೊಂದು ಸೆಕೆಂಡೂ ಒಂದು ಆಯ್ಕೆ, ಎರಡು ಸೆಕೆಂಡೂ ಒಂದು ಆಯ್ಕೆ. ಮೊದಲನೆಯದು ಚಲನೆಯನ್ನು ಕತ್ತರಿಸಿ ಬಿಸಾಡುತ್ತದೆ, ಎರಡನೆಯದು ಚಲನೆಯನ್ನು ಒಂದರ ಮೇಲೊಂದು ಪೇರಿಸಿಡುತ್ತದೆ.

ಛಾಯಾಗ್ರಹಣ ಹುಟ್ಟಿದ್ದೇ ದೀರ್ಘ ಎಕ್ಸ್‌ಪೋಷರಿನಿಂದ ಎಂಬುದನ್ನು ನಾವು ಮರೆತಿದ್ದೇವೆ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಮಹಡಿಯ ಕಿಟಕಿಯಿಂದ ಒಂದು ಚಿತ್ರ ತೆಗೆದ. ಲೋಹದ ತಗಡಿಗೆ ಒಂದು ಬಗೆಯ ಡಾಂಬರು ಬಳಿದು, ಅದನ್ನು ಕ್ಯಾಮರಾದೊಳಗೆ ಕನಿಷ್ಠ ಎಂಟು ಗಂಟೆಗಳ ಕಾಲ ಇಟ್ಟಿದ್ದ. ಕೆಲವು ದಿನಗಳೇ ಹಿಡಿದಿರಬಹುದು ಎಂಬ ವಾದವೂ ಇದೆ. ನಮಗೆ ಉಳಿದುಬಂದಿರುವ, ಕ್ಯಾಮರಾದಿಂದ ಮೂಡಿದ ಅತ್ಯಂತ ಹಳೆಯ ಚಿತ್ರ ಅದೇ. ಅದರಲ್ಲಿ ಅಂಗಳದ ಎರಡೂ ಬದಿಯ ಗೋಡೆಗಳ ಮೇಲೆ ಬಿಸಿಲು ಬಿದ್ದಿದೆ. ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಒಂದೇ ಚಿತ್ರದಲ್ಲಿವೆ. ಅಂಥ ಹೊತ್ತು ಭೂಮಿಯ ಮೇಲೆ ಎಂದೂ ಇರಲಿಲ್ಲ, ಆದರೆ ಅಲ್ಲಿ ಬಿದ್ದ ಬೆಳಕೆಲ್ಲ ನಿಜವೇ.

ಅದಕ್ಕಿಂತಲೂ ನಮಗೆ ಮುಖ್ಯವಾದದ್ದು ಲೂಯಿ ದಾಗೇರ್ 1838ರಲ್ಲಿ ತೆಗೆದ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರ. ಎತ್ತರದ ಕಿಟಕಿಯೊಂದರಿಂದ ತೆಗೆದದ್ದು. ಕುದುರೆಗಾಡಿಗಳೂ ಜನರೂ ಕಿಕ್ಕಿರಿದು ಓಡಾಡುತ್ತಿದ್ದ ಬೀದಿ ಅದು. ಷಟರ್ ತೆರೆದಿದ್ದದ್ದು ಹಲವು ನಿಮಿಷ. ಚಿತ್ರದಲ್ಲಿ ಬೀದಿ ಖಾಲಿ. ಗಾಡಿಯಿಲ್ಲ, ಕುದುರೆಯಿಲ್ಲ, ಜನರಿಲ್ಲ. ಯಾರೂ ಅವರನ್ನು ತಿದ್ದಿ ತೆಗೆದದ್ದಲ್ಲ. ಒಬ್ಬ ಮನುಷ್ಯ ಒಂದು ಜಾಗದಲ್ಲಿ ಒಂದು ಕ್ಷಣ ಮಾತ್ರ ಇದ್ದರೆ, ಆ ಜಾಗದ ಒಟ್ಟು ಬೆಳಕಿನಲ್ಲಿ ಅವನ ಪಾಲು ನೂರರಲ್ಲೊಂದೂ ಆಗುವುದಿಲ್ಲ. ಉಳಿದ ಹೊತ್ತೆಲ್ಲ ಅಲ್ಲಿ ಕಾಣಿಸುವುದು ನೆಲವೇ. ಹಾಗಾಗಿ ಫಲಕದ ಮೇಲೆ ನೆಲ ಉಳಿಯುತ್ತದೆ, ನಡೆದುಹೋದವನು ಅಳಿಯುತ್ತಾನೆ.

ಒಬ್ಬ ಮಾತ್ರ ಉಳಿದಿದ್ದಾನೆ. ಚಿತ್ರದ ಕೆಳಮೂಲೆಯಲ್ಲಿ, ಕಾಲನ್ನು ಮುಂದೆ ಚಾಚಿ ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತ ವ್ಯಕ್ತಿ. ಅವನು ನಿಂತಲ್ಲೇ ನಿಂತಿದ್ದ, ಅದಕ್ಕೇ ಉಳಿದ. ಮನುಷ್ಯನೊಬ್ಬನ ಆಕೃತಿ ಕಾಣಿಸುವ ಮೊದಲ ಛಾಯಾಚಿತ್ರವೆಂದು ಇದನ್ನು ಹೇಳುತ್ತಾರೆ. ತಂತಿಸಂದೇಶದ ಹೆಸರಿನೊಂದಿಗೆ ನಾವು ನೆನೆಯುವ ಸ್ಯಾಮ್ಯುಯೆಲ್ ಮೋರ್ಸ್ 1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರನ ಚಿತ್ರಗಳನ್ನು ಕಂಡು, ಚಲಿಸುವುದು ಯಾವುದೂ ಅಚ್ಚಾಗುವುದಿಲ್ಲ ಎಂದು ಬೆರಗಾಗಿ ಊರಿಗೆ ಬರೆದಿದ್ದ. ಆ ಚಿತ್ರವನ್ನು ನೋಡುವಾಗಲೆಲ್ಲ ನನ್ನ ಕಣ್ಣು ಹೋಗುವುದು ಬೂಟಿನ ಗಿರಾಕಿಯ ಕಡೆಗಲ್ಲ, ಅವನ ಎದುರು ಬಗ್ಗಿದವನ ಕಡೆಗೆ. ಗಿರಾಕಿಯಷ್ಟು ಅವನು ಸ್ಪಷ್ಟವಾಗಿಲ್ಲ. ಕೈ ಆಡುತ್ತಿತ್ತಲ್ಲ! ದುಡಿಯುತ್ತಿದ್ದವನು ಮಸುಕು, ಸೇವೆ ಪಡೆಯುತ್ತಿದ್ದವನು ಸ್ಫುಟ. ಸುಮಾರು 190 ವರ್ಷಗಳ ಹಿಂದೆ ತಾನಾಗಿ ಆದ ಈ ಅನ್ಯಾಯದಲ್ಲಿ ನಮಗೊಂದು ಎಚ್ಚರಿಕೆ ಇದೆ.

ಈ ಮಾತನ್ನು ಇಲ್ಲಿಗೆ, ನಮ್ಮ ಬೆಟ್ಟಗಳಿಗೆ ತಂದು ನೋಡೋಣ. ಪಶ್ಚಿಮಘಟ್ಟದ ಚಿತ್ರಗಳೆಂದು ಕ್ಯಾಲೆಂಡರುಗಳಲ್ಲಿ, ಪ್ರವಾಸೋದ್ಯಮದ ಹೊತ್ತಗೆಗಳಲ್ಲಿ ಅಚ್ಚಾಗುವುದನ್ನು ಗಮನಿಸಿ. ಮಂಜು, ಹಾಸುಗಲ್ಲು, ಹಾಲಿನಂಥ ಜಲಪಾತ, ನಿರ್ಜನ ಕಾಡು. ಅವುಗಳಲ್ಲಿ ಹಲವು ಟ್ರೈಪಾಡಿನ ಮೇಲೆ ಕ್ಯಾಮರಾ ನಿಲ್ಲಿಸಿ, ಮೂವತ್ತು ಸೆಕೆಂಡು, ಒಂದು ನಿಮಿಷ ಷಟರ್ ತೆರೆದು ತೆಗೆದವು. ಆ ಹೊತ್ತಿನಲ್ಲಿ ದರಕು ಗುಡಿಸುವ ಹೆಂಗಸರು ಆ ದಾರಿಯಲ್ಲಿ ನಡೆದಿದ್ದರೂ, ಉಪ್ಪಾಗೆ ಹೆಕ್ಕುವವರು ಬುಟ್ಟಿ ಹೊತ್ತು ದಾಟಿದ್ದರೂ, ದನ ಮೇಯಿಸುವ ಹುಡುಗ ಓಡಿದ್ದರೂ ಚಿತ್ರದಲ್ಲಿ ಇರುವುದಿಲ್ಲ. ಇದ್ದರೂ ಹೊಗೆಯಂಥ ಒಂದು ಗೀರು. ಪ್ಯಾರಿಸ್ಸಿನ ಬೀದಿ ಖಾಲಿಯಾದಂತೆ ನಮ್ಮ ಸೊಪ್ಪಿನಬೆಟ್ಟವೂ ಖಾಲಿಯಾಗುತ್ತದೆ. ಕಾಡಿನಲ್ಲಿ ಜನರೇ ಇಲ್ಲ, ಇರಬಾರದು ಎಂಬ ನಂಬಿಕೆ ನಗರದ ಪರಿಸರಪ್ರೇಮಿಗಳಲ್ಲಿ ಹೇಗೆ ಬೆಳೆಯಿತು ಎಂದು ನಾವು ಆಗಾಗ ಆಶ್ಚರ್ಯಪಡುತ್ತೇವೆ. ಅದಕ್ಕೆ ಕಾರಣಗಳು ನೂರಿವೆ. ಚಿತ್ರಗಳೂ ಅವುಗಳಲ್ಲಿ ಒಂದು ಎಂದು ನನಗೆ ಅನ್ನಿಸುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತು ಮಾಡಬೇಕು. ಓಡಾಡಿಕೊಂಡು ಬದುಕುವವರ ಇರವನ್ನು ರುಜುವಾತು ಮಾಡುವುದು ಎಷ್ಟು ಕಷ್ಟವೆಂದು ಇಲ್ಲಿ ಕುಳಿತ ಹಲವರಿಗೆ ಅನುಭವದಿಂದ ಗೊತ್ತು. ಅಂಥ ಕಡೆ ಜನರಿಲ್ಲದ ಚಂದದ ಚಿತ್ರವೊಂದು ಅಮಾಯಕವಾಗಿ ಉಳಿಯುವುದಿಲ್ಲ.

ಒಂದು ಅಡ್ಡಮಾತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಆರಂಭವಾದದ್ದು ಹಾಗೆ. ಯೋಚಿಸಿ ನೋಡಿ, ಅದು ನಿಲ್ಲುವ ಭಂಗಿ. ದಾಗೇರನ ನಿಧಾನದ ಕ್ಯಾಮರಾದ ಮುಂದೆಯೂ ಅವರು ಅಳಿಸಿಹೋಗುತ್ತಿರಲಿಲ್ಲ. ಕೊಡಲಿ ಬೀಸುವವನು ಅಳಿಯುತ್ತಿದ್ದ.

ದೀರ್ಘ ಎಕ್ಸ್‌ಪೋಷರಿನ ಈ ಅಳಿಸುವ ಗುಣವನ್ನೇ ತಿರುಗಿಸಿ ನೋವು ಹೇಳಲು ಬಳಸಿದವರೂ ಇದ್ದಾರೆ. ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿದ ಮೇಲೆ ಸೇಂಟ್ ಪೀಟರ್ಸ್‌ಬರ್ಗ್ ನಗರದ ಜನ ಅಂಗಡಿಯಿಂದ ಅಂಗಡಿಗೆ ಆಹಾರಕ್ಕಾಗಿ ಅಲೆಯುತ್ತಿದ್ದರು. ಅದೇ ಊರಿನ ಅಲೆಕ್ಸಿ ಟಿಟರೆಂಕೊ 1992ರಿಂದ 1994ರ ನಡುವೆ ಆ ಗುಂಪುಗಳನ್ನು ದೀರ್ಘ ಎಕ್ಸ್‌ಪೋಷರಿನಲ್ಲಿ ಸೆರೆಹಿಡಿದ. ಮೆಟ್ರೋ ನಿಲ್ದಾಣದ ಮೆಟ್ಟಿಲುಗಳ ಮೇಲೆ ಮುಖಗಳಿಲ್ಲ, ದೇಹಗಳಿಲ್ಲ. ಕಪ್ಪು ಪ್ರವಾಹದಂಥದೊಂದು ಏರುತ್ತಿದೆ. ಕಂಬಿಯನ್ನು ಹಿಡಿದ ಕೆಲವು ಕೈಗಳು ಮಾತ್ರ ಉಳಿದಿವೆ, ಏಕೆಂದರೆ ಕಂಬಿ ಹಿಡಿದ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಸರಣಿಗೆ ಅವನು ಕೊಟ್ಟ ಹೆಸರು 'ನೆರಳುಗಳ ನಗರ' ಎಂಬರ್ಥದ್ದು. ಇಲ್ಲಿ ಅಳಿಸಿಹೋದದ್ದು ನಮ್ಮ ಗಮನಕ್ಕೆ ಬರುತ್ತದೆ. ಕ್ಯಾಲೆಂಡರಿನ ಕಾಡಿನಲ್ಲಿ ಬರುವುದಿಲ್ಲ.

ಇನ್ನು ನೀರು. ಇದರ ಬಗ್ಗೆ ಸ್ವಲ್ಪ ಕಠಿಣವಾಗಿಯೇ ಮಾತಾಡುತ್ತೇನೆ. ಜೋಗದ ಶರಾವತಿ 253 ಮೀಟರ್ ಎತ್ತರದಿಂದ ಧುಮುಕುತ್ತಾಳೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಬಳಿಕ, ಮಳೆಗಾಲ ಕಳೆದರೆ ರಾಜ, ರಾಣಿ, ರೋರರ್, ರಾಕೆಟ್‌ಗಳಲ್ಲಿ ಕಾಣುವುದು ಸಣ್ಣ ಎಳೆಗಳು ಮಾತ್ರ. ನೀರು ಟರ್ಬೈನಿಗೆ ಹೋಗುತ್ತದೆ. ಬೇಸಗೆಯಲ್ಲಿ ಅಲ್ಲಿ ನಿಂತು ಐನೂರರಲ್ಲೊಂದು ಸೆಕೆಂಡಿನಲ್ಲಿ ಚಿತ್ರ ತೆಗೆಯಿರಿ. ಹರಿದ ಹತ್ತಿಯಂತೆ ಚೂರುಚೂರಾದ ನೀರು, ನಡುನಡುವೆ ಒಣ ಬಂಡೆ ಕಾಣುತ್ತದೆ. ಅದೇ ಜಾಗದಿಂದ ಎಂಟು ಸೆಕೆಂಡು ಷಟರ್ ತೆರೆದು ತೆಗೆಯಿರಿ. ಬೇರೆ ಬೇರೆ ಕ್ಷಣಗಳಲ್ಲಿ ಬೇರೆ ಬೇರೆ ಕಡೆ ಬಿದ್ದ ಹನಿಗಳೆಲ್ಲ ಒಂದಾಗಿ ಬಂಡೆಯ ಮೇಲೆ ಬಿಳಿಯ ಸೆರಗು ಹಾಸಿದಂತಾಗುತ್ತದೆ. ಇಲ್ಲದ ನೀರು ಇದ್ದಂತೆ ಕಾಣುತ್ತದೆ. ಜುಲೈ ತಿಂಗಳ ಪ್ರವಾಹಕ್ಕೆ ಇದೇ ಉಪಾಯ ಮಾಡಿದರೆ ಉಲ್ಟಾ ಆಗುತ್ತದೆ. ನೀರಿನ ರಭಸ, ಕೆಸರಿನ ಸುಳಿ, ತೇಲಿಬಂದ ದಿಮ್ಮಿ ಎಲ್ಲವೂ ಮಾಯವಾಗಿ ಮೃದುವಾದ ಹಾಲು ಉಳಿಯುತ್ತದೆ. ನೊರೆ ಕಾರುವ ಕೊಳಕು ಹೊಳೆಯೂ ಹೀಗೆ ಮಂಜಿನಂತೆ ಕಾಣಬಲ್ಲದು. ನಮ್ಮ ಹಳ್ಳಗಳ ಮೇಲೆ ಕಿರು ಜಲವಿದ್ಯುತ್ತಿನ ಯೋಜನೆ ಬಂದಾಗ, ಕೆಳಗೆ ಎಷ್ಟು ನೀರು ಹರಿಯಬೇಕು ಎಂಬುದೇ ವಾದದ ತಿರುಳಾಗಿರುತ್ತದೆ. ಅಂಥ ಕಡೆ ಹಾಲಿನ ಜಲಪಾತದ ಚಿತ್ರವನ್ನು ಹಿಡಿದುಕೊಂಡು ಹೋಗುವುದು ನಮ್ಮ ವಿರುದ್ಧ ನಾವೇ ಸಾಕ್ಷಿ ಹೇಳಿದಂತೆ. ನೀರಿನ ಚಿತ್ರವನ್ನು ದಾಖಲೆಗೆಂದು ತೆಗೆಯುವಾಗ ಷಟರ್ ವೇಗ ಐನೂರರಲ್ಲೊಂದಕ್ಕಿಂತ ನಿಧಾನ ಇರಬಾರದು. ಪಕ್ಕದಲ್ಲಿ ಅಳತೆಗೆ ಒಬ್ಬ ಮನುಷ್ಯ ಅಥವಾ ಒಂದು ಕೋಲು ಇರಬೇಕು.

ಮಿಂಚುಹುಳುಗಳ ಮಾತೂ ಇಷ್ಟೆ. ಮುಂಗಾರಿಗೆ ಮುಂಚೆ, ಮೇ ಕೊನೆ ಜೂನ್ ಆರಂಭದಲ್ಲಿ, ಕಾಡಿನಂಚಿನಲ್ಲಿ ಅವು ಸಾವಿರಾರು ದೀಪ ಹಚ್ಚಿದಂತಿರುವ ಚಿತ್ರಗಳನ್ನು ನೀವು ನೋಡಿದ್ದೀರಿ. ಅವುಗಳಲ್ಲಿ ಹೆಚ್ಚಿನವು ಮೂವತ್ತು ಸೆಕೆಂಡಿನ ಹತ್ತಾರು, ಕೆಲವೊಮ್ಮೆ ನೂರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದವು. ಗಂಟೆಗಟ್ಟಲೆ ಮಿನುಗಿದ್ದನ್ನು ಒಂದು ಕ್ಷಣದ್ದೆಂದು ನಂಬಿ ಬಂದ ಪ್ರವಾಸಿಗರು ಟಾರ್ಚು, ಕಾರಿನ ದೀಪ ಹಿಡಿದು ಕಾಡಿಗೆ ನುಗ್ಗುತ್ತಾರೆ. ಗಂಡು ಹೆಣ್ಣುಗಳು ಬೆಳಕಿನ ಸಂಕೇತದಿಂದಲೇ ಒಂದನ್ನೊಂದು ಹುಡುಕುವ ಹುಳುಗಳಿಗೆ ಆ ಬೆಳಕು ಎಂಥ ಉಪದ್ರವವೆಂದು ಬೇರೆ ಹೇಳಬೇಕಿಲ್ಲ.

ಈಗ ನಿಮಗೆ ನನ್ನ ವಾದ ವಿಚಿತ್ರವಾಗಿ ಕಾಣಬಹುದು. ಇಷ್ಟೆಲ್ಲ ದೂರು ಹೇಳಿದ ಮೇಲೆ ಕ್ಯಾಮರಾ ಅಲುಗಿಸಿ ಎನ್ನುವುದು ಹೇಗೆ? ವ್ಯತ್ಯಾಸ ಇಲ್ಲಿದೆ. ಟ್ರೈಪಾಡಿನ ಮೇಲಿನ ದೀರ್ಘ ಎಕ್ಸ್‌ಪೋಷರಿನಲ್ಲಿ ಬಂಡೆ, ಮರ, ಬೆಟ್ಟ ಎಲ್ಲವೂ ಸ್ಪಷ್ಟ. ಚಲಿಸಿದ್ದು ಮಾತ್ರ ಮಾರ್ಪಟ್ಟಿರುತ್ತದೆ. ಮುಕ್ಕಾಲು ಪಾಲು ದಾಖಲೆಯಂತಿರುವ ಚಿತ್ರದಲ್ಲಿ ಉಳಿದ ಕಾಲು ಪಾಲನ್ನೂ ನೋಡುಗ ನಂಬಿಬಿಡುತ್ತಾನೆ. ಕ್ಯಾಮರಾವನ್ನೇ ಅಲುಗಿಸಿದ ಚಿತ್ರದಲ್ಲಾದರೋ ಯಾವುದೂ ಸ್ಪಷ್ಟವಿಲ್ಲ. ಬಣ್ಣದ ಪಟ್ಟಿಗಳು, ಗೀರುಗಳು, ಅಲೆಗಳು. ಇದು ಇಂಥ ಸರ್ವೆ ನಂಬರಿನ ಕಾಡು ಎಂದು ಅದು ಹೇಳಿಕೊಳ್ಳುವುದೇ ಇಲ್ಲ. ಹಾಗಾಗಿ ಅದಕ್ಕೆ ಸುಳ್ಳು ಹೇಳುವ ಅವಕಾಶವೂ ಕಡಿಮೆ. ಪೂರ್ತಿ ಅಮೂರ್ತವಾದ ಚಿತ್ರ ಅರ್ಧ ಅಮೂರ್ತವಾದದ್ದಕ್ಕಿಂತ ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಚರ್ಚೆಯಲ್ಲಿ ಹೇಳಿ.

ಈ ಬಗೆಯ ಚಿತ್ರಗಳಿಗೆ ಮರ್ಯಾದೆ ತಂದುಕೊಟ್ಟವರಲ್ಲಿ ಎರ್ನ್ಸ್ಟ್ ಹಾಸ್ ಪ್ರಮುಖ. 1921ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಆತ ಯುದ್ಧದ ನಂತರದ ಆ ನಗರದ ಕಪ್ಪುಬಿಳುಪು ಚಿತ್ರಗಳಿಂದ ಹೆಸರಾದವನು. ಅಂದರೆ ಸಾಕ್ಷಿಚಿತ್ರಕಾರನಾಗಿಯೇ ಮೊದಲಿಟ್ಟವನು. 1950ರ ದಶಕದಲ್ಲಿ ಬಣ್ಣಕ್ಕೆ ಹೊರಳಿದ. ಆಗಿನ ಕೊಡಾಕ್ರೋಮ್ ಫಿಲ್ಮ್ ಬಹಳ ನಿಧಾನ. ಇಂದಿನ ಲೆಕ್ಕದಲ್ಲಿ ಐಎಸ್‌ಒ 10ರ ಆಸುಪಾಸು. ಓಡುವುದನ್ನು ನಿಲ್ಲಿಸಲು ಅದರಿಂದಾಗದು. ಹಾಸ್ ಆ ಕೊರತೆಯೊಂದಿಗೆ ಜಗಳವಾಡಲಿಲ್ಲ. ಸ್ಪೇನಿನ ಗೂಳಿಕಾಳಗದಲ್ಲಿ ನಿಧಾನದ ಷಟರಿನೊಂದಿಗೆ ಕ್ಯಾಮರಾವನ್ನು ಗೂಳಿಯ ಜೊತೆಗೇ ತಿರುಗಿಸಿದ. ಕೆಂಪು, ಕಪ್ಪು, ಹಳದಿ ಒಂದರೊಳಗೊಂದು ಹರಿದ ಚಿತ್ರಗಳು ಬಂದವು. 1962ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ ಬಣ್ಣದ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. 1971ರಲ್ಲಿ ಬಂದ 'ದಿ ಕ್ರಿಯೇಷನ್' ಎಂಬ ಅವನ ಪುಸ್ತಕ ನೀರು, ಬೆಂಕಿ, ಕಲ್ಲು, ಪ್ರಾಣಿಗಳ ಚಿತ್ರಗಳದ್ದು.

ಇನ್ನು ಮಾಡುವ ಬಗೆ. ವಿದ್ಯಾರ್ಥಿಗಳು ಬರೆದುಕೊಳ್ಳಿ, ಹಿರಿಯರು ಬೇಕಾದರೆ ಎಲೆಅಡಿಕೆ ಹಾಕಿಕೊಳ್ಳಬಹುದು.

ನಮಗೆ ಬೇಕಾದದ್ದು ನಾಲ್ಕರಲ್ಲೊಂದು ಸೆಕೆಂಡಿನಿಂದ ಎರಡು ಸೆಕೆಂಡಿನವರೆಗಿನ ಷಟರ್. ನಡುಮಧ್ಯಾಹ್ನದ ಬಿಸಿಲಿನಲ್ಲಿ ಇದು ಕಷ್ಟ. ಐಎಸ್‌ಒ 100, ದ್ಯುತಿರಂಧ್ರ ಎಫ್/16 ಇಟ್ಟರೆ ಬಿಸಿಲಿಗೆ ಸುಮಾರು ನೂರರಲ್ಲೊಂದು ಸೆಕೆಂಡು ಸಾಕಾಗುತ್ತದೆ. ಅದನ್ನು ಅರ್ಧ ಸೆಕೆಂಡಿಗೆ ಎಳೆಯಬೇಕಾದರೆ ಬೆಳಕನ್ನು ಐವತ್ತರಲ್ಲೊಂದು ಪಾಲಿಗೆ ಇಳಿಸಬೇಕು. ಪಟ್ಟಣದವರು ಇದಕ್ಕೆ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಕೊಳ್ಳುತ್ತಾರೆ. ನಮಗೆ ಮಲೆನಾಡೇ ಫಿಲ್ಟರ್. ಮೋಡ ಕವಿದ ದಿನ, ದಟ್ಟ ಮರಗಳ ಕೆಳಗೆ, ಬೆಳಕು ಬಯಲಿನ ಬಿಸಿಲಿಗಿಂತ ಅರವತ್ತು ಪಟ್ಟು ಕಡಿಮೆಯಿರುವುದು ಸಾಮಾನ್ಯ. ಅದೇ ಎಫ್/16ರಲ್ಲಿ ಅರ್ಧ ಸೆಕೆಂಡು ತಾನಾಗಿ ಸಿಗುತ್ತದೆ. ಮೊಬೈಲಿನಲ್ಲಿ ದ್ಯುತಿರಂಧ್ರ ಸಾಮಾನ್ಯವಾಗಿ ಬದಲಾಗದು, ಅದೂ ದೊಡ್ಡದಾಗಿಯೇ ಇರುತ್ತದೆ. ಆದ್ದರಿಂದ ಮೊಬೈಲಿನವರು ಬೆಳಗಿನ ಆರರ ಸುಮಾರಿಗೆ ಅಥವಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಡಿ. 'ಪ್ರೊ' ಎಂಬ ವಿಧಾನಕ್ಕೆ ಹೋಗಿ ಐಎಸ್‌ಒ 50 ಇಡಿ, ಷಟರನ್ನು ಅರ್ಧ ಸೆಕೆಂಡಿಗೆ ಇಳಿಸಿ. ಕೈ ನಡುಗಿದ್ದನ್ನು ಸರಿಪಡಿಸುವ ಸ್ಥಿರೀಕರಣ ಎಂಬ ಸೌಲಭ್ಯ ಇದ್ದರೆ, ಆರಿಸಲು ಬರುವುದಾದರೆ ಆರಿಸಿಬಿಡಿ. ನೀವು ಅಲುಗಿಸುವುದನ್ನು ಅದು ತಿದ್ದಲು ಹೋಗುತ್ತದೆ.

ಅಡಿಕೆ ತೋಟ ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಎಲ್ಲವೂ ಲಂಬರೇಖೆ. ಕ್ಯಾಮರಾವನ್ನು ಮರದ ಬುಡದಿಂದ ತಲೆಯ ಕಡೆಗೆ, ಅಥವಾ ತಲೆಯಿಂದ ಬುಡಕ್ಕೆ, ನೆಟ್ಟಗೆ ಎಳೆಯಿರಿ. ಮೊಣಕೈಗಳು ಪಕ್ಕೆಗೆ ಅಂಟಿರಲಿ, ಸೊಂಟದಿಂದ ಮೇಲಿನ ಮೈ ಬಾಗಲಿ. ಕ್ಯಾಮರಾ ಚಲಿಸಲು ಆರಂಭಿಸಿದ ಮೇಲೆ ಗುಂಡಿ ಒತ್ತಿ. ಷಟರ್ ಮುಚ್ಚಿದ ಮೇಲೂ ಚಲನೆ ನಿಲ್ಲದಿರಲಿ. ನಿಂತಲ್ಲಿಂದ ಹೊರಟರೆ ಆರಂಭದಲ್ಲಿ ಒಂದು ಗಟ್ಟಿ ಗುರುತು ಉಳಿದುಬಿಡುತ್ತದೆ. ಹದಿನೈದರಲ್ಲೊಂದು ಸೆಕೆಂಡಿನಲ್ಲಿ ಮರ ಮರವೇ. ಕೈ ನಡುಗಿತೇನೋ ಎಂಬಂತೆ ಕಾಣುತ್ತದೆ. ನಾಲ್ಕರಲ್ಲೊಂದರಿಂದ ಅರ್ಧ ಸೆಕೆಂಡಿನವರೆಗೆ ಕಾಂಡದ ಬಳೆಗಳು, ತೊಗಟೆ, ಹಾವಸೆ ಎಲ್ಲವೂ ಕರಗಿ ಬೂದು-ಬಿಳಿ ಕಂಬಗಳು ಉಳಿಯುತ್ತವೆ. ಎರಡು ಸೆಕೆಂಡಿಗೆ ಕಂಬಗಳೂ ಹೋಗುತ್ತವೆ. ಆಕಾಶದ ತುಣುಕು ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಿ. ಬಂದರೆ ಅದು ಬಿಳಿಯ ಬರೆ ಎಳೆದುಬಿಡುತ್ತದೆ. ಮಳೆ ಬಿದ್ದ ತಕ್ಷಣ ತೆಗೆಯುವುದಾದರೆ, ಇದ್ದವರು ಪೋಲರೈಸರ್ ಹಾಕಿಕೊಳ್ಳಿ, ಒದ್ದೆ ಎಲೆಯ ಹೊಳಪು ಹೋಗಿ ಒಳಗಿನ ಹಸಿರು ಬರುತ್ತದೆ. ಬೆಟ್ಟದ ಸಾಲಿಗೆ, ಗದ್ದೆಯ ಅಂಚಿಗೆ ಅಡ್ಡಲಾಗಿ ಎಳೆಯಬೇಕು. ಹೊಳೆಯ ಮೇಲಿನ ಬಿಸಿಲಿಗೆ ಸಣ್ಣ ಸುತ್ತು. ಐವತ್ತು ತೆಗೆದರೆ ಎರಡು ಉಳಿಯುತ್ತವೆ, ಉಳಿದವನ್ನು ಅಳಿಸಿಬಿಡಿ.

ಹೀಗೆ ಎಳೆದಾಗ ಆಗುವುದೇನು? ಮರದುದ್ದಕ್ಕೂ ಇರುವ ಬಣ್ಣಗಳು ಬೆರೆತು ಒಂದು ಸರಾಸರಿ ಬರುತ್ತದೆ. ಕಣ್ಣು ಸಾಮಾನ್ಯವಾಗಿ ಆಕಾರವನ್ನು ಗುರುತಿಸಿ ಅಷ್ಟಕ್ಕೇ ತೃಪ್ತಿಪಟ್ಟುಕೊಳ್ಳುತ್ತದೆ: ಇದು ಮರ, ಇದು ಎಲೆ, ಮುಗಿಯಿತು. ಆಕಾರ ಹೋದಾಗ ಬಣ್ಣವನ್ನು ನೋಡದೆ ಗತ್ಯಂತರವಿಲ್ಲ. ನಿಮ್ಮ ತೋಟದಲ್ಲೇ ಪ್ರಯತ್ನಿಸಿ. ಎಲೆಚುಕ್ಕೆ ರೋಗ ಬಂದ ತೋಟದ ಚಿತ್ರದಲ್ಲಿ ಮೇಲಿನ ಹಸಿರು ಪಟ್ಟಿಯೊಳಗೆ ಒಣಹುಲ್ಲಿನ ಬಣ್ಣ ನುಗ್ಗಿರುತ್ತದೆ. ಕೊಳೆರೋಗಕ್ಕೆ ಹೆದರಿ ಗೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ, ಎಲ್ಲಿಯೂ ಬೆರೆಯದ ಒಂದು ಗೆರೆಯಾಗಿ ಉಳಿಯುತ್ತದೆ. ಅಂಗಳದ ನೀಲಿ ತಾಡಪಾಲಿನದೂ ಅದೇ ಕಥೆ.

ಇನ್ನೊಂದು ಪ್ರಯೋಗ ಇದಕ್ಕಿಂತ ದೊಡ್ಡದು. ನಾಳೆ ನೀವು ಎರಡು ತಂಡಗಳಾಗಿ ಅದನ್ನು ಮಾಡಬೇಕೆಂದು ನನ್ನ ಆಸೆ. ಒಂದು ತಂಡ ಅಕೇಶಿಯಾ ನೆಡುತೋಪಿಗೆ ಹೋಗಲಿ, ಇನ್ನೊಂದು ಸಹಜ ಕಾಡಿಗೆ. ಒಂದೇ ಹೊತ್ತು, ಒಂದೇ ಷಟರ್, ಒಂದೇ ರೀತಿಯ ಎಳೆತ. ಅಕೇಶಿಯಾದಲ್ಲಿ ಎಲ್ಲಿ ನಿಂತು ತೆಗೆದರೂ ಒಂದೇ ಚಿತ್ರ ಬರುತ್ತದೆ: ಕೆಳಗೆ ಒಣ ತರಗಿನ ಕಂದು, ನಡುವೆ ಬೂದು, ಮೇಲೆ ಒಂದೇ ಹಸಿರು. ಸಹಜ ಕಾಡಿನಲ್ಲಿ ಹತ್ತು ಹೆಜ್ಜೆಗೊಂದು ಚಿತ್ರ ಬೇರೆ. ಬೇಸಗೆಯ ಮುಂಚೆ ನಾಗಸಂಪಿಗೆಯಂಥ ಮರಗಳು ಕೆಂಪು ಚಿಗುರು ಬಿಟ್ಟಿದ್ದರೆ ಹಸಿರಿನ ನಡುವೆ ತಾಮ್ರ ಹರಿದಿರುತ್ತದೆ. ಎರಡೂ ಚಿತ್ರಗಳಲ್ಲಿ ಒಂದು ಎಲೆಯೂ ಗುರುತು ಸಿಗದು. ಆದರೂ ಯಾವುದು ನೆಡುತೋಪು, ಯಾವುದು ಕಾಡು ಎಂದು ನಮ್ಮ ಊರಿನ ಯಾವ ಅಜ್ಜಿಯೂ ಹೇಳಬಲ್ಲಳು. ಉಪಗ್ರಹದ ನಕ್ಷೆಯಲ್ಲಿ ಎರಡೂ ಹಸಿರಾಗಿಯೇ ಎಣಿಕೆಗೆ ಬರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಮರಗಳ ನೆತ್ತಿ ಶೇಕಡಾ 10ಕ್ಕಿಂತ ಹೆಚ್ಚು ಹಬ್ಬಿದ್ದರೆ ಅದು ಅರಣ್ಯ ಹೊದಿಕೆ, ಮರ ಯಾವ ಜಾತಿಯದಾದರೂ ಸರಿ.

ಆದರೆ ನೆನಪಿಡಿ, ಈ ಜೋಡಿ ಚಿತ್ರ ಪುರಾವೆಯಲ್ಲ. ಅದನ್ನು ಮನವಿಪತ್ರಕ್ಕೆ ಲಗತ್ತಿಸಬೇಡಿ. ಶಾಲೆಯ ಗೋಡೆಗೆ ಹಾಕಿ. ಜನ ನಿಂತು ನೋಡಿ ಇದೇನು ಎಂದು ಕೇಳುತ್ತಾರೆ. ಆಗ ಮಾತು ಆರಂಭಿಸಬಹುದು. ಮರಗಳ ಪಟ್ಟಿ, ಸುತ್ತಳತೆ, ಸ್ಪಷ್ಟವಾದ ಚಿತ್ರ, ಇವು ಬೇರೆ ಫೈಲಿನಲ್ಲಿರಲಿ. ಅಮೂರ್ತ ಚಿತ್ರದ ಇನ್ನೊಂದು ಉಪಕಾರವನ್ನು ಹೇಳದೆ ಹೋಗಬಾರದು. ಅಪರೂಪದ ಸೀತಾಳೆ ದಂಡೆ ಎಲ್ಲಿ ಅರಳಿದೆ ಎಂದು ಸ್ಪಷ್ಟ ಚಿತ್ರ ಹಾಕಿದರೆ, ಹಿನ್ನೆಲೆಯ ಬಂಡೆಯನ್ನೇ ಗುರುತಿಟ್ಟು ಮರುದಿನ ಕೀಳಲು ಬರುವವರಿದ್ದಾರೆ. ಅದರ ನೇರಳೆ ಬಣ್ಣವನ್ನಷ್ಟೇ ಉಳಿಸಿದ ಚಿತ್ರದಿಂದ ಯಾರಿಗೂ ದಾರಿ ಸಿಗದು. ಮೊಬೈಲಿನ ಚಿತ್ರದೊಳಗೆ ಜಾಗದ ಅಕ್ಷಾಂಶ ರೇಖಾಂಶಗಳು ಅಡಗಿರುತ್ತವೆ ಎಂಬುದು ಮಾತ್ರ ನೆನಪಿರಲಿ. ಹಂಚುವ ಮುನ್ನ ಅದನ್ನು ತೆಗೆಯಿರಿ.

ಕಡೆಯದಾಗಿ, ಕ್ಯಾಮರಾ ಇಲ್ಲದವರಿಗೊಂದು ಕೆಲಸ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ರೆಜಿನಾ ವಾಲ್ಕೆನ್‌ಬೋರ್ಗ್ 2012ರಲ್ಲಿ ಒಂದು ಬಿಯರ್ ಡಬ್ಬಿಗೆ ಸೂಜಿಯಷ್ಟು ತೂತು ಮಾಡಿ, ಒಳಗೆ ಛಾಯಾಚಿತ್ರದ ಕಾಗದ ಇಟ್ಟು, ವೀಕ್ಷಣಾಲಯದ ದೂರದರ್ಶಕದ ಗೋಪುರಕ್ಕೆ ಕಟ್ಟಿದ್ದರು. ಅದು ಅಲ್ಲೇ ಮರೆತುಹೋಗಿ 2020ರಲ್ಲಿ ಸಿಕ್ಕಿತು. ಎಂಟು ವರ್ಷ ಒಂದು ತಿಂಗಳ ಆ ಒಂದೇ ಚಿತ್ರದಲ್ಲಿ ಸೂರ್ಯನ 2,953 ಕಮಾನುಗಳಿವೆ. ಇದನ್ನು ನಾವೂ ಮಾಡಬಹುದು. ಕಪ್ಪುಬಿಳುಪು ಛಾಯಾಕಾಗದದ ಒಂದು ತುಂಡು, ಒಂದು ಖಾಲಿ ಡಬ್ಬಿ, ಕಪ್ಪು ಟೇಪು ಸಾಕು. ಕಾಗದವನ್ನು ಕತ್ತಲಲ್ಲಿ ಒಳಗೆ ಸುತ್ತಿಡಬೇಕು, ತೂತಿನ ಎದುರು ಬದಿಗೆ. ಕಾಗದವನ್ನು ರಾಸಾಯನಿಕದಲ್ಲಿ ತೊಳೆಯುವುದಿಲ್ಲ. ಬೆಳಕಿಗೆ ಅದೇ ಕಪ್ಪಾಗುತ್ತದೆ. ತೆಗೆದ ಕೂಡಲೇ ಸ್ಕ್ಯಾನ್ ಮಾಡಿ ಕಪ್ಪುಬಿಳುಪನ್ನು ತಿರುಗಿಸಿದರಾಯಿತು. ಅಲ್ಲಿಯವರು ಡಬ್ಬಿಯನ್ನು ದಕ್ಷಿಣಕ್ಕೆ ಮುಖಮಾಡಿ ಕಟ್ಟುತ್ತಾರೆ. ನಮ್ಮಲ್ಲಿ ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುವುದರಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡುವುದು ಒಳ್ಳೆಯದು. ಡಿಸೆಂಬರ್ 21ರ ಹೊತ್ತಿಗೆ ಕಟ್ಟಿದರೆ ಜೂನ್ 21ಕ್ಕೆ ಬಿಚ್ಚಬಹುದು. ಬಿಸಿಲಿದ್ದ ದಿನ ಕಮಾನು ಅಖಂಡ, ಮೋಡವಿದ್ದ ದಿನ ತುಂಡು, ಮಳೆ ಹಿಡಿದ ದಿನ ಗೆರೆಯೇ ಇಲ್ಲ. ಹಾಗಾಗಿ ಅಕಾಲಿಕ ಮಳೆ, ಮುಂಗಾರು ಕಾಲಿಟ್ಟ ವಾರ ಎಲ್ಲವೂ ಅದರಲ್ಲಿರುತ್ತದೆ. ಜೂನ್ ತಿಂಗಳಿನಲ್ಲಿ ನಮ್ಮ ತೇವಕ್ಕೆ ಕಾಗದ ಬೂಸ್ಟು ಹಿಡಿಯುವ ಅಪಾಯವಿದೆ. ಮುಚ್ಚಳದ ಸಂದಿಗೆ ಮೇಣ ಬಳಿದು, ಸೂರಿನ ಕೆಳಗೆ ಕಟ್ಟಿ. ಇಲ್ಲಿ ಹದಿನೆಂಟು ಡಬ್ಬಿಗಳನ್ನು ತಂದಿದ್ದೇನೆ. ಹಳ್ಳಿಗೊಂದರಂತೆ ಒಯ್ಯಿರಿ, ಯಾವ ದಿನ ಕಟ್ಟಿದಿರಿ, ಯಾವ ದಿಕ್ಕಿಗೆ ಎಂಬುದನ್ನು ಡಬ್ಬಿಯ ಬೆನ್ನಿಗೆ ಬರೆಯಿರಿ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಆಮೇಲೆ ತೋಟಕ್ಕೆ ಇಳಿಯೋಣ. ಮೋಡವಿರುವುದರಿಂದ ಐದೂವರೆಯವರೆಗೆ ಒಳ್ಳೆಯ ಬೆಳಕಿರುತ್ತದೆ.